ಹತ್ತಿ ತುಂಬಿದ ಗದೆ

ನಮ್ಮ ಚಂದ್ರು ಮನೆಯಲ್ಲೇ ಜಿಮ್ ಹಾಕುತ್ತೇನೆಂದು ಸಾಮಾನು ಆರಿಸಲು ಕೂತು ಎಂಟು ದಿನವಾಗಿತ್ತು. ಅವನು ನನ್ನ ಅಣ್ಣನ ಮೊಮ್ಮಗ. ಮೂವತ್ತು ತುಂಬಿದ ಗಂಡಸು, ಆದೋನಿ ಮಾರ್ಕೆಟಿನ ಹತ್ತಿರ ಬೀಜ ಮತ್ತು ಬೆಳೆಗೆ ಹೊಡೆಯುವ ಎಣ್ಣೆ ಔಷಧದ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಗಂಡ ಸತ್ತ ಮೇಲೆ ಆಸ್ಪರಿಯಿಂದ ಇದೇ ತವರು ಮನೆಗೆ ಬಂದು ಬಿದ್ದವಳು. ಅಣ್ಣನ ಹೆಂಡತಿ ನನ್ನ ಅತ್ತಿಗೆ, ಅತ್ತಿಗೆಯ ಸೊಸೆ ಸುಜಾತ, ಸುಜಾತಳ ಮಗ ಈ ಚಂದ್ರು, ಇಷ್ಟೇ ಜನ ಈಗ ಈ ಮನೆಯಲ್ಲಿ. ಅಂಗಡಿ ಮುಚ್ಚಿ ಬಂದವನು ಕೈಕಾಲು ತೊಳೆಯದೆ ಮಂಚದ ಮೇಲೆ ಬಿದ್ದು ಫೋನು ತಿಕ್ಕುತ್ತಿದ್ದ. ನಿಂತಲ್ಲೇ ಓಡುವ ಯಂತ್ರ ಒಂದು, ಮಲಗಿ ಕಬ್ಬಿಣ ಎತ್ತುವ ಬೆಂಚು ಒಂದು, ಗೋಡೆಗೆ ಒರಗಿಸಿಡುವ ಡಂಬೆಲ್ಲುಗಳ ಸಾಲು ಒಂದು. ಸುಜಾತ ಅಂಗಳದ ಬದಿಯ ಕೋಣೆಯನ್ನು ಟೇಪು ಹಿಡಿದು ಎರಡೆರಡು ಸಲ ಅಳೆದಳು. ನನಗೆ ಓದು ಮೂರನೇ ಇಯತ್ತೆಯವರೆಗೆ ಮಾತ್ರ, ಆದರೆ ಕಣ್ಣು ಚೆನ್ನಾಗಿವೆ. ಚಂದ್ರು ಫೋನನ್ನು ನನ್ನ ಮೂಗಿಗೆ ಹಿಡಿದು ಕೇಳಿದ.

"ಸಿದ್ದಜ್ಜಿ, ಕರೇದು ತಗೊಳ್ಳೋದಾ, ಕೆಂಪುದು ತಗೊಳ್ಳೋದಾ?"

"ಯಾವುದು ಎತ್ತಾಕ ಬರ್ತೈತಿ ನಿನಗ?"

"ಎತ್ತೋದು ಆಮ್ಯಾಲಿನ ಮಾತು. ಫೋಟೋದಾಗ ಯಾವುದು ಚಂದ ಕಾಣ್ತೈತಿ ಹೇಳು."

ಎಮ್ಮಿಗನೂರಿನ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗಿ ಸಾಲಿ ಟೀಚರು. ಚಂದ್ರುವಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಗುಳಿಗೆಗೆ ಬಗ್ಗುವ ಸಕ್ಕರೆಯಲ್ಲ, ದಿನಕ್ಕೆ ಎರಡು ಸಲ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಸಕ್ಕರೆ. ಆ ಮಾತು ಹೊರಗೆ ಹೋಗಬಾರದು ಎಂದು ಸುಜಾತ ಮನೆಯಲ್ಲಿ ಕಟ್ಟು ಮಾಡಿದ್ದಳು. ಔಷಧದ ಡಬ್ಬಿ ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಇರುತ್ತದೆ, ಯಾರಾದರೂ ಬಂದರೆ ಮುಂದೆ ಎರಡು ಬದನೆಕಾಯಿ ಇಡುತ್ತಾಳೆ. ಇಂಥವನು ಕಬ್ಬಿಣದ ಮುಂದೆ ನಿಂತು ಬನಿಯನ್ನಿನಲ್ಲಿ ಫೋಟೋ ತೆಗೆಸಿಕೊಂಡು ಕಳಿಸಬೇಕಂತೆ. ಕಾಯಿಲೆಗೆ ನನಗೆ ಹೇಸಿಗೆ ಇಲ್ಲ, ಕಾಯಿಲೆ ಯಾರನ್ನು ಬಿಟ್ಟಿದೆ. ಆ ಬದನೆಕಾಯಿ ಇದೆಯಲ್ಲ, ಅದಕ್ಕೆ ಹೇಸಿಗೆ.

"ಆ ಹುಡುಗಿಗೆ ನೀನ ಹೇಳಿಬಿಡು," ಎಂದೆ.

"ಮದುವಿ ಆದಮ್ಯಾಲ ಹೇಳ್ತೀನಿ ಬಿಡು ಅಜ್ಜಿ. ಆಗ ಎಲ್ಲ ಸರಿ ಆಗ್ತೈತಿ."

ಈ ಮಾತನ್ನು ಇದೇ ಮನೆಯಲ್ಲಿ ನಾನು ಹಿಂದೆ ಒಮ್ಮೆ ಕೇಳಿದ್ದೆ. ಯಾವಾಗ ಕೇಳಿದ್ದೆ, ಯಾರ ಬಾಯಿಂದ ಎಂದು ನೆನಪು ಮಾಡಿಕೊಳ್ಳುವ ಕೆಲಸವೂ ಬರಲಿಲ್ಲ. ಆ ಕೋಣೆ ಖಾಲಿ ಮಾಡುವಾಗ ಅಟ್ಟದ ಮೇಲಿಂದ ಹಳೆಯ ಮರದ ಗದೆ ಒಂದು ಉರುಳಿ ಕೆಳಗೆ ಬಿತ್ತು. ಬಂಡೆಯ ಮೇಲೆ ಬಿದ್ದ ಹೊಡೆತಕ್ಕೆ ತಲೆಯ ಮುಚ್ಚಳ ಹಾರಿ, ಒಳಗಿನಿಂದ ಹಳದಿ ಹತ್ತಿ ಹೊರಗೆ ಬಂತು. ಹುಳ ತಿಂದ, ಉಂಡೆಗಟ್ಟಿದ, ಇಲಿ ಉಚ್ಚೆಯ ವಾಸನೆಯ ಹತ್ತಿ. ಚಂದ್ರು ಅದನ್ನು ಕಾಲಿನಿಂದ ಕೆದಕಿದ.

"ಇದರಾಗ ಹತ್ತಿ ಯಾಕ ತುಂಬ್ಯಾರ ಅಜ್ಜಿ?"

ನಾನು ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಮುಖ ನೋಡಿದೆ. ಅತ್ತಿಗೆ ನನ್ನ ಮುಖ ನೋಡಿದಳು. ಆ ಹತ್ತಿ ತುಂಬಿದ ಕೈ ನನ್ನದು.

ನಮ್ಮಪ್ಪ ಹತ್ತಿಯ ವ್ಯಾಪಾರಿ. ಮಣ್ಣಿನ ಮಾಳಿಗೆ ಮನೆ, ಕೆಳಗೆ ಬಂಡೆ ಹಾಸಿತ್ತು, ಪಡಸಾಲೆಯ ನಡುವೆ ಒಂದು ಬೆಳಕಿಂಡಿ. ಸುಗ್ಗಿ ಬಂತೆಂದರೆ ಆ ಬೆಳಕಿಂಡಿಯ ಕೆಳಗೆ ಬಿಸಿಲಿನ ಕಂಬ ನಿಂತು, ಅದರ ತುಂಬ ಹತ್ತಿಯ ಎಳೆ ಹಾರಾಡುತ್ತಿತ್ತು. ನೋಡಲು ಚಂದ ಎಂದು ಬಂದ ನೆಂಟರು ಹೇಳುತ್ತಿದ್ದರು. ನಮಗೆ ಅದು ರೊಟ್ಟಿಯ ಮೇಲೆ, ನೀರಿನ ಕೊಡದಲ್ಲಿ, ಮೂಗಿನಲ್ಲಿ. ಬೆಳಿಗ್ಗೆ ಮೂಗು ಸೀನಿದರೆ ಬತ್ತಿ ಹೊಸೆಯುವಷ್ಟು ಬರುತ್ತಿತ್ತು. ಪುಂಡಿಪಲ್ಯದ ಗಡಿಗೆಯ ಮೇಲೆ ಬಟ್ಟೆ ಕಟ್ಟದೆ ಇಟ್ಟರೆ ಪಲ್ಯಕ್ಕೆ ಗಡ್ಡ ಬಂದಂತೆ ಕಾಣುತ್ತಿತ್ತು. ನನಗಿಂತ ಎಂಟು ವರ್ಷ ದೊಡ್ಡವನು ಅಣ್ಣ ವೀರಣ್ಣ, ಅಪ್ಪನಿಗೆ ಒಬ್ಬನೇ ಗಂಡು ಮಗ. ಈ ಧೂಳು ಅವನ ಎದೆಯಲ್ಲಿ ಮನೆ ಮಾಡಿತು. ಉಬ್ಬಸ. ಅವನು ಉಸಿರು ಎಳೆಯುವ ಸದ್ದು ಬೀದಿಯ ಕಟ್ಟೆಯವರೆಗೆ ಕೇಳುತ್ತಿತ್ತು, ಹಳೆಯ ಬಾಗಿಲು ತಿರುಗಿದಂತೆ. ಮೂಟೆ ತೂಗಲು ಬಂದ ರೈತರು ನಗುತ್ತಿದ್ದರು, ಸಾಹುಕಾರ್ರ ಮಗ ಹತ್ತಿ ನುಂಗ್ಯಾನ, ತೂಕಕ್ಕ ಅವನ್ನೂ ಏರಿಸ್ರಿ ಎಂದು. ಅಪ್ಪನಿಗೆ ಮಗನ ಉಸಿರಿಗಿಂತ ಆ ನಗೆ ಹೆಚ್ಚು ಚುಚ್ಚಿತು. ಇವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂಬುದೇ ಮನೆಯಲ್ಲಿ ಮೂರು ಹೊತ್ತಿನ ಮಾತಾಯಿತು.

ಮೊದಲು ಅಪ್ಪ ಅವನನ್ನು ಊರ ತಾಲೀಮಿಗೆ ಕಳಿಸಿದ. ಅಲ್ಲಿ ಪೈಲ್ವಾನ ಹುಡುಗರನ್ನು ತಯಾರು ಮಾಡುವ ಒಬ್ಬ ಸಾಬರು ಉಸ್ತಾದರಿದ್ದರು, ಒಳ್ಳೆಯ ಮನುಷ್ಯ. ಮೂರನೆಯ ದಿನ ಅವರೇ ಅಣ್ಣನನ್ನು ಕೈಹಿಡಿದು ಮನೆಗೆ ತಂದು ಬಿಟ್ಟರು. ಕಟ್ಟೆಯ ಮೇಲೆ ಕೂತವರೆಲ್ಲ ನೋಡುತ್ತಿದ್ದರು.

"ಸಾಹುಕಾರ್ರೇ, ಈ ಹುಡುಗನ ಎದಿಯಾಗ ಗಾಳಿ ನಿಲ್ಲಾಂಗಿಲ್ಲ. ಹತ್ತಿ ಇಲ್ಲದ ಊರಿಗೆ ಕಳಿಸ್ರಿ, ಬದುಕ್ತಾನ. ಗದಾ ಗಿದಾ ಬ್ಯಾಡ್ರಿ."

"ನಮ್ಮ ಮನೀ ಹುಡುಗನ ಎದಿ ನಿಮಗೇನು ಗೊತ್ತು?" ಎಂದ ಅಪ್ಪ.

"ಎದಿ ನೋಡೋದ ನಮ್ಮ ಕಸಬು ಅಲ್ಲೇನ್ರೀ?" ಎಂದು ಹೇಳಿ ಉಸ್ತಾದರು ನೀರು ಕೂಡ ಕುಡಿಯದೆ ಹೋದರು.

ಆವತ್ತೇ ಅಪ್ಪ ತಾಲೀಮನ್ನು ಮನೆಗೆ ತರುತ್ತೇನೆಂದ. ಊರ ತಾಲೀಮಿನಲ್ಲಿ ಸೋತರೆ ನಾಲ್ಕು ಮಂದಿ ನೋಡುತ್ತಾರೆ, ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದು. ಅಂಗಳದ ಬದಿಯ ಹತ್ತಿಕಾಳಿನ ಕೋಣೆ ಖಾಲಿಯಾಯಿತು. ಕೆಮ್ಮಣ್ಣು ತಂದು ಹಾಸಿ, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಷಿಣ ಕಲಸಿ ಹದ ಮಾಡಬೇಕು. ಮೂರು ದಿನಕ್ಕೆ ಆ ಮಣ್ಣು ಹುಳಿಯಾಗಿ, ಸತ್ತ ಇಲಿಯೂ ಹಳಸಿದ ಅಂಬಲಿಯೂ ಕೂಡಿದ ವಾಸನೆ ಹೊಡೆಯುತ್ತಿತ್ತು. ತಾಲೀಮಿನೊಳಗೆ ಹೆಂಗಸರು ಕಾಲಿಡಬಾರದು ಎಂದು ಅಪ್ಪ ನೇಮ ಮಾಡಿದ. ಹಾಗಾದರೆ ಆ ಮಣ್ಣು ತಿರುವುವವರು ಯಾರು, ಕಸ ಹೊಡೆಯುವವರು ಯಾರು? ಸಿದ್ದಿ ಇನ್ನೂ ದೊಡ್ಡವಳಾಗಿಲ್ಲ, ಅವಳು ಹೋಗಬಹುದು ಎಂದ. ನೇಮ ಎನ್ನುವುದನ್ನು ಗಂಡಸರು ಹೇಗೆ ಹೊಲಿದುಕೊಳ್ಳುತ್ತಾರೆ ಎಂದು ನನಗೆ ಹನ್ನೊಂದನೆಯ ವಯಸ್ಸಿಗೇ ಗೊತ್ತಾಯಿತು. ಸಾಲಿಯನ್ನಂತೂ ಆಗಲೇ ಬಿಡಿಸಿದ್ದರು.

ಆಮೇಲೆ ಸಾಮಾನು ಆರಿಸಲು ಹೋದೆವು. ಬಡಿಗೇರ ಮೌನಪ್ಪನ ಕೊಟ್ಟಿಗೆಯಲ್ಲಿ ಮರದ ಜೋಡಿ ಗದೆಗಳು ಸಾಲಾಗಿ ನಿಂತಿದ್ದವು. ಕೈಗೊಂದು ಹಿಡಿದು ಹೆಗಲ ಹಿಂದಿನಿಂದ ಸುತ್ತು ಹಾಕಿಸುವ ಗದೆ. ಕುಂಬಳಕಾಯಿಯಂಥ ತಲೆಯವು, ಸೋರೆಕಾಯಿಯಂಥವು, ಮಕ್ಕಳು ಹಿಡಿಯುವಂಥ ಸಣ್ಣವು. ಮೌನಪ್ಪ ಒಂದು ಸಣ್ಣ ಜೋಡಿ ತೆಗೆದು ಅಣ್ಣನ ಕೈಗೆ ಕೊಟ್ಟ.

"ಇದರಿಂದ ಸುರು ಮಾಡ್ರಿ ತಮ್ಮಾ. ಆರು ತಿಂಗಳಿಗೆ ಇನ್ನೊಂದು ನಮೂನಿ ಕೊಡ್ತೀನಿ."

ಅಪ್ಪ ಅದನ್ನು ಕಿತ್ತುಕೊಂಡು ಬದಿಗಿಟ್ಟ. ಗೋಡೆಗೆ ಒರಗಿದ್ದ ಎಲ್ಲಕ್ಕಿಂತ ದೊಡ್ಡ ಜೋಡಿ, ಜಾಲಿ ಮರದ್ದು, ಒಂದೊಂದು ನನ್ನ ಸೊಂಟದೆತ್ತರ, ಅದರ ಮೇಲೆ ಕೈಯಿಟ್ಟ.

"ಇದು."

"ಇದು ಪೈಲ್ವಾನರದ್ರೀ. ಹುಡುಗನ ಮೈ ನೋಡ್ರಿ ಒಂದೀಟು."

"ಮೈ ನಾ ನೋಡ್ಕೋತೀನಿ. ಮನೀಗೆ ಬಂದೋರ ಕಣ್ಣಿಗೆ ಬೀಳಬೇಕು, ಅಷ್ಟು ನೋಡು."

ಮೌನಪ್ಪ ಗದೆಯ ಧೂಳು ಒರೆಸಿದ. ಅಣ್ಣ ಆ ಗದೆಯನ್ನು ನೋಡುತ್ತಿದ್ದದ್ದು ಕಟುಕನ ಅಂಗಡಿಯ ಮುಂದೆ ಕುರಿ ನಿಂತು ನೋಡುವ ಹಾಗೆ.

ಅಂದಿನಿಂದ ನಮ್ಮ ಮನೆಯ ಹೊತ್ತು ಹೊರಳಿದ್ದು ಆ ಕೋಣೆಯ ಸುತ್ತ. ಬೆಳಿಗ್ಗೆ ಅಪ್ಪ ಲಿಂಗಪೂಜೆ ಮುಗಿಸಿ ಉಳಿದ ವಿಭೂತಿಯನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಹೋಗಿ ಎರಡು ಗದೆಗಳಿಗೂ ಮೂರು ಮೂರು ಪಟ್ಟಿ ಬಳಿಯಬೇಕು, ದೇವರಿಗೆ ಬಳಿದಂತೆ. ಆಮೇಲೆ ಬಾದಾಮಿ. ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಗಸಗಸೆ ಕೂಡಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆದು, ಎಮ್ಮೆಯ ಹಾಲಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು ಅಣ್ಣನಿಗೆ ಕೊಡಬೇಕು. ಇಡೀ ಎಮ್ಮೆಯ ಹಾಲು ಅವನಿಗೆ. ನಮಗೆ ಜೋಳದ ರೊಟ್ಟಿ, ಶೇಂಗಾ ಪುಡಿ, ನೀರು ಮಜ್ಜಿಗೆ. ಒಮ್ಮೆ ಅರೆಯುವ ಕಲ್ಲಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ನೆಕ್ಕಿದೆ. ಅವ್ವ ಆ ಬೆರಳನ್ನೇ ಹಿಡಿದು ತಿರುಚಿದಳು.

"ಗಂಡು ಹುಡುಗನ ಬಾಯಾಗಿಂದು ಕಿತ್ಕೊಂಡು ತಿಂತಿ ಏನ? ಮೂಳಿ."

ಆ ಹಾಲು ಅಣ್ಣನಿಗೆ ದಕ್ಕುತ್ತಿರಲಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಹೋಗಿ ಕಕ್ಕುತ್ತಿದ್ದ. ನಾನು ಅರೆದದ್ದನ್ನು ಅವನು ಕಕ್ಕುವುದು, ಅವನು ಕಕ್ಕಿದ್ದನ್ನು ನಾನು ತೊಳೆಯುವುದು. ತುಪ್ಪ ಬೆರೆತ ವಾಂತಿ ಬಂಡೆಗೆ ಹಿಡಿದರೆ ಬಿಸಿನೀರು, ಬೂದಿ ಎರಡೂ ಬೇಕು. ಹಸಿವಾದವಳ ಕೈಯಿಂದ ಈ ಕೆಲಸ ಮಾಡಿಸಿದ ಮನೆ ನಮ್ಮದು. ಒಂದು ದಿನ ಅವ್ವ ಬಾಯಿಬಿಟ್ಟು, ಹುಡುಗನಿಗೆ ಬರೀ ಮಜ್ಜಿಗೆ ಅನ್ನ ಕೊಟ್ಟು ನೋಡೋಣ ಎಂದಳು. ಅಪ್ಪ ತಟ್ಟೆ ಅಂಗಳಕ್ಕೆ ಬೀಸಿದ. ಅವ್ವ ಆ ರೊಟ್ಟಿಯನ್ನು ಎತ್ತಿ, ಮಣ್ಣು ಝಾಡಿಸಿ, ತಾನೇ ತಿಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅಣ್ಣ ಕೆಟ್ಟವನಲ್ಲ. ಹೆದರುಪುಕ್ಕಲ. ಕೋಣೆಯ ಬಾಗಿಲು ಹಾಕಿಕೊಂಡು ಗದೆಯ ಹಿಡಿ ಹಿಡಿದು ಎತ್ತಲು ನೋಡುತ್ತಿದ್ದ, ನೆಲದಿಂದ ಒಂದು ಗೇಣು ಏಳುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಹೊರಗೆ ಅಪ್ಪ ಕಟ್ಟೆಯ ಮೇಲೆ ಕೂತು ಎಣಿಕೆ ಕೇಳಬೇಕೆಂದು ಕಿವಿಗೊಟ್ಟಿರುತ್ತಿದ್ದ. ಮಣ್ಣು ತಿರುವಲು ಹೋದ ನನಗೆ ಅಣ್ಣ ಒಂದು ಉಪಾಯ ಹೇಳಿದ.

"ಸಿದ್ದಿ, ನೀ ಅದನ್ನ ಆಕಡೆ ಈಕಡೆ ಬೀಳಿಸು. ನಾ ಕುಂತು ಎಣಿಸ್ತೀನಿ."

"ನನಗೇನು ಕೊಡ್ತಿ?"

"ಹಾಲು ಬಿಡ್ತೀನಿ ಒಂದು ಗುಟುಕು."

ನಾನು ಗದೆಯನ್ನು ತಬ್ಬಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಣ್ಣಿಗೆ ಕೆಡವುತ್ತಿದ್ದೆ. ಧಪ್ ಎಂದಾಗ ಅಣ್ಣ ಒಂದು ಎನ್ನುತ್ತಿದ್ದ. ಹೀಗೆ ನೂರು. ಅಪ್ಪನಿಗೆ ಹೊರಗೆ ಕೂತೇ ಮೈ ಉಬ್ಬುತ್ತಿತ್ತು. ಆ ಒಂದು ಗುಟುಕು ಮಾತ್ರ ನನಗೆ ಬರಲೇ ಇಲ್ಲ, ಲೋಟ ಖಾಲಿಯಾಗುವವರೆಗೆ ಅವ್ವ ಎದುರಿಗೇ ನಿಲ್ಲುತ್ತಿದ್ದಳು. ಸುಮಾರು ಇಪ್ಪತ್ತು ದಿನ ನಡೆಯಿತು. ಒಂದು ದಿನ ಎಣಿಕೆ ನಡುವೆ ಅಣ್ಣನಿಗೆ ಕೆಮ್ಮು ಬಂತು. ಎಣಿಕೆ ನಿಂತರೂ ನಾನು ಧಪ್ ಧಪ್ ನಿಲ್ಲಿಸಲಿಲ್ಲ. ಅಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಮಗ ಮೂಟೆಯ ಮೇಲೆ ಕೂತಿದ್ದಾನೆ, ಮಗಳು ಬೆವರಿ ಗದೆ ಹಿಡಿದು ನಿಂತಿದ್ದಾಳೆ. ಹೊಡೆತ ನನಗೆ ಬಿತ್ತು. ಅಣ್ಣ ಗೋಡೆಯ ಕಡೆ ಮುಖ ಮಾಡಿದ.

ಮಗ ಗದೆ ಎತ್ತುವುದಿಲ್ಲ ಎಂದು ತಿಳಿದ ಮೇಲೆ ಬುದ್ಧಿ ಇದ್ದವನಾದರೆ ಗದೆ ಬಿಡುತ್ತಾನೆ. ನಮ್ಮಪ್ಪ ಗದೆಯನ್ನೇ ತಿದ್ದಿಸಿದ. ಅಷ್ಟು ಹೊತ್ತಿಗೆ ಗೋನೆಗಂಡ್ಲ ಕಡೆಯ ಒಬ್ಬ ಹೊಲದ ಗೌಡರು ಮಗಳಿಗೆ ವರ ಹುಡುಕುತ್ತಿದ್ದಾರೆಂದು ಮಾತು ಬಂದಿತ್ತು. ಅವರಿಗೆ ಗಟ್ಟಿ ಮೈಯ ಅಳಿಯನೇ ಬೇಕು, ಮನೆ ನೋಡಲು ಬರುತ್ತಾರೆ. ಅಪ್ಪ ಗದೆಗಳನ್ನು ಗೋಣಿಚೀಲದಲ್ಲಿ ಸುತ್ತಿ ಮೌನಪ್ಪನ ಕೊಟ್ಟಿಗೆಗೆ ಹೊರಿಸಿದ. ಮೌನಪ್ಪ ತಲೆಯ ತುದಿ ಕೊಯ್ದು, ಒಳಗಿನ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಮೇಲೆ ಹಿತ್ತಾಳೆಯ ಮುಚ್ಚಳ ಕೂಡಿಸಿದ. ಮನೆಗೆ ತಂದು ಅಪ್ಪ ಬೆರಳಿನಿಂದ ತಟ್ಟಿ ನೋಡಿದ. ಒಣಗಿದ ಸೋರೆಬುರುಡೆಯಂತೆ ಟೊಂಯ್ ಎಂದಿತು. ಬಂದವರು ತಟ್ಟಿದರೆ ಮರ್ಯಾದೆ ಹೋಯಿತು. ಅಪ್ಪ ಮುಚ್ಚಳ ತೆಗೆದು ನನ್ನನ್ನು ಕರೆದ. ನನ್ನ ಕೈ ಸಣ್ಣದು, ಒಳಗೆ ಹೋಗುತ್ತಿತ್ತು. ಹತ್ತಿ ತುರುಕಿ, ಮುಷ್ಟಿಯಿಂದ ಒತ್ತಿ, ಮತ್ತೆ ತುರುಕಿ, ಎರಡು ಗದೆ ತುಂಬುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಳಗಿನ ಸೀಳು ಮರ ಮಣಿಕಟ್ಟಿನವರೆಗೆ ಗೀರಿತ್ತು. ಈಗ ತಟ್ಟಿದರೆ ತುಂಬಿದ ಗದೆಯ ಸದ್ದು. ಅಣ್ಣನ ಎದೆಯಲ್ಲಿ ಸೇರಿದ್ದೂ ಹತ್ತಿಯೇ, ಈಗ ಅವನ ಕೈಯಲ್ಲಿ ಹಿಡಿಸಿದ್ದೂ ಹತ್ತಿಯೇ. ಅಪ್ಪನಿಗೆ ಮಾತ್ರ ಅದರಿಂದ ಏನೂ ಹೊಳೆಯಲಿಲ್ಲ.

"ಸುಳ್ಳು ಎಷ್ಟು ದಿವಸ ನಿಲ್ತೈತಿ?" ಎಂದಳು ಅವ್ವ, ಒಲೆಯ ಕಡೆ ನೋಡುತ್ತ.

"ಮದುವಿ ಆಗೋತನಕ ನಿಂತರ ಸಾಕು. ಮದುವಿ ಆದಮ್ಯಾಲ ಎಲ್ಲ ಸರಿ ಆಗ್ತೈತಿ," ಎಂದ ಅಪ್ಪ.

ಅವರು ಬಂದ ದಿನ ಮನೆಯಲ್ಲಿ ಹೋಳಿಗೆ. ಅಣ್ಣನ ಎದೆಗೆ ಬೆಳಿಗ್ಗೆಯೇ ಬಿಸಿ ಎಣ್ಣೆ ತಿಕ್ಕಿ, ಬಿಳಿ ಪಂಚೆ ಉಡಿಸಿ, ಮಾತು ಕಡಿಮೆ ಆಡು ಎಂದು ಹೇಳಿದ್ದರು. ಅವರು ಹೊಸಿಲು ದಾಟುವ ಮೊದಲು ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಅವಳ ಕೈಯಲ್ಲಿ ಅಣ್ಣನ ಹಿತ್ತಾಳೆ ಲೋಟ. ತುಂಬ ಬಾದಾಮಿ ಹಾಲು, ಮೇಲೆ ತುಪ್ಪದ ಪದರ.

"ಕುಡಿ. ಯಾರರ ಕೇಳಿದ್ರ, ನಮ್ಮಣ್ಣ ದಿನಾ ನೂರು ಸುತ್ತು ಹಾಕ್ತಾನ ಅನ್ನು. ಉಬ್ಬಸದ ಮಾತು ಬಾಯಾಗ ಬರಬಾರದು."

ನಾನು ನಿಂತಲ್ಲೇ ಕುಡಿದೆ. ಬಿಸಿ ಇತ್ತು, ನಾಲಿಗೆ ಸುಟ್ಟಿತು, ಲೋಟ ಬಾಯಿಯಿಂದ ತೆಗೆಯಲಿಲ್ಲ. ಹನ್ನೊಂದು ವರ್ಷದ ಬದುಕಿನಲ್ಲಿ ಅಷ್ಟು ರುಚಿಯಾದದ್ದು ನನ್ನ ಬಾಯಿಗೆ ಹೋಗಿರಲಿಲ್ಲ. ಸುಳ್ಳು ಹೇಳಬಾರದು ಎಂದು ಅನ್ನಿಸಿತೆಂದು ನಾನು ಈಗ ಬರೆಯಬಹುದು, ಆದರೆ ಆ ಹೊತ್ತಿಗೆ ಹಾಗೆ ನನಗೆ ಅನ್ನಿಸಲೇ ಇಲ್ಲ.

ಗೌಡರು ಅಂಗಳದಲ್ಲಿ ಕಂಬಳಿಯ ಮೇಲೆ ಕೂತರು. ಅಣ್ಣ ಹೊರಗೆ ಬಂದು ಎರಡೂ ಗದೆ ಎತ್ತಿ, ಹೆಗಲ ಹಿಂದಿನಿಂದ ಆರು ಸುತ್ತು ಹಾಕಿ, ಅಪ್ಪ ಹೇಳಿಕೊಟ್ಟಂತೆ ಇನ್ನು ಸಾಕು ಎಂಬ ಹಾಗೆ ನಕ್ಕು ಇಳಿಸಿದ. ಗೌಡರು ಗದೆಯನ್ನು ಕುಳಿತಲ್ಲಿಂದಲೇ ಬೆರಳಿನಿಂದ ತಟ್ಟಿ ನೋಡಿದರು, ಎತ್ತಿ ನೋಡಲಿಲ್ಲ. ವಿಭೂತಿ ಬಳಿದದ್ದನ್ನು ಬೇರೆಯವರು ಎತ್ತಬಾರದು ಎಂದು ಅಪ್ಪ ಮೊದಲೇ ಹೇಳಿದ್ದ. ಆದರೆ ಹುಡುಗಿಯ ತಾಯಿ ಜಾಣೆ. ಕೈ ತೊಳೆಯುವ ನೆಪ ಮಾಡಿ ಎಮ್ಮೆ ಕೊಟ್ಟಿಗೆಯ ಹತ್ತಿರ ಬಂದು ನನ್ನನ್ನು ಹಿಡಿದಳು. ನೀರು ಹಾಕಿಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು.

"ಯವ್ವಾ, ನಿನಗ ಸುಳ್ಳು ಹೇಳೋ ವಯಸ್ಸಲ್ಲ. ನಿಮ್ಮಣ್ಣ ಚಲೋ ಅದಾನ? ನನಗ ಇದ್ದಾಕಿ ಒಬ್ಬಾಕಿನ ಮಗಳು."

ಅವಳ ಕೈ ಒರಟು, ಹೊಲದ ಕೆಲಸದ ಕೈ. ಒಂದು ಮಾತು ಸಾಕಿತ್ತು. ಉಬ್ಬಸ ಐತಿ ಎಂದಿದ್ದರೆ ಆ ಹೆಂಗಸು ಅಲ್ಲಿಂದಲೇ ಗಂಡನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಳು. ನನ್ನ ತುಟಿಯ ಮೇಲೆ ಇನ್ನೂ ತುಪ್ಪದ ಜಿಡ್ಡಿತ್ತು.

"ದಿನಾ ನೂರು ಸುತ್ತು ಹಾಕ್ತಾನ್ರೀ," ಎಂದೆ.

ಆಕೆ ನನ್ನ ಗಲ್ಲ ಸವರಿ ಹೋದಳು. ಅವರು ಗಾಡಿ ಹತ್ತಿದ ಮೇಲೆ ನಾನು ಬಚ್ಚಲಿಗೆ ಹೋಗಿ ಕುಡಿದದ್ದನ್ನೆಲ್ಲ ಕಕ್ಕಿದೆ. ಪಶ್ಚಾತ್ತಾಪ ಎಂದು ಓದುವವರು ತಿಳಿಯಬಾರದು. ಬರೀ ರೊಟ್ಟಿ ಕಂಡ ಹೊಟ್ಟೆಗೆ ಅಷ್ಟು ತುಪ್ಪ ಹಿಡಿಯಲಿಲ್ಲ, ಅಷ್ಟೇ. ಅದನ್ನೂ ನಾನೇ ತೊಳೆದೆ. ಅಲ್ಲಿಂದ ಇಲ್ಲಿಯವರೆಗೆ ಬಾದಾಮಿ ಹಾಲಿನ ವಾಸನೆ ಬಂದರೆ ಎದ್ದು ಹೋಗುತ್ತೇನೆ.

ಹದಿನಾರು ವರ್ಷದ ಪಾರ್ವತಿ ನನ್ನ ಅತ್ತಿಗೆಯಾಗಿ ಮನೆಗೆ ಬಂದಳು. ಬಂದ ನಾಲ್ಕನೆಯ ದಿನ ಅಪ್ಪ ಪೇಟೆಗೆ ಹೋದಾಗ, ನೇಮ ಗೊತ್ತಿಲ್ಲದೆ, ಕಸಬರಿಗೆ ಹಿಡಿದು ತಾಲೀಮಿನ ಕೋಣೆಗೆ ಹೋದಳು. ನಾನು ಬಾಗಿಲಲ್ಲಿದ್ದೆ. ಕಸ ಹೊಡೆಯಲು ಗದೆಯನ್ನು ಸರಿಸಬೇಕು, ಭಾರ ಇರುತ್ತದೆಂದು ಕಸಬರಿಗೆ ಕೆಳಗಿಟ್ಟು ಎರಡೂ ಕೈ ಹಾಕಿ ಎಳೆದಳು. ಗದೆ ಹಾರಿ ಬಂದು ಅವಳ ಎದೆಗೆ ಬಡಿಯಿತು. ಅವಳು ಹಿಂದಕ್ಕೆ ಬೀಳಲಿದ್ದವಳು ಸಾವರಿಸಿಕೊಂಡಳು. ಆಮೇಲೆ ಅದನ್ನು ಒಂದೇ ಕೈಯಲ್ಲಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಪಡಸಾಲೆಯಿಂದ ಅಣ್ಣನ ಉಸಿರಿನ ಸದ್ದು ಕೇಳುತ್ತಿತ್ತು. ಆ ಸದ್ದಿನ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಗದೆಯನ್ನು ಮೊದಲಿದ್ದಲ್ಲೇ ಇಟ್ಟು ಕಸ ಹೊಡೆದಳು. ಆಮೇಲೆ ಹತ್ತು ವರ್ಷ ಸುಗ್ಗಿ ಸುಗ್ಗಿಗೆ ಅಣ್ಣ ಮಲಗಲಾರದೆ ಕೂತೇ ಇರುತ್ತಿದ್ದ, ಅವಳು ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅಕ್ಕಿ ಆರಿಸುತ್ತಿದ್ದಳು, ಬಟ್ಟೆ ಹೊಲಿಯುತ್ತಿದ್ದಳು. ಹನ್ನೊಂದನೆಯ ಸುಗ್ಗಿಯಲ್ಲಿ ಆ ಬೆನ್ನು ತಣ್ಣಗಾಯಿತು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು ಅವಳಿಗೆ, ಕೈಯಲ್ಲಿ ನಾಲ್ಕು ವರ್ಷದ ಮಗ, ಈ ಚಂದ್ರುವಿನ ಅಪ್ಪ, ಅವನೂ ಈಗಿಲ್ಲ. ಹೆಣದ ಮುಂದೆ ಅಪ್ಪ, ಹುಡುಗಿಯ ಕಾಲ್ಗುಣ ಎಂದ. ನನ್ನ ಅಪ್ಪನ ಬಗ್ಗೆ ಇನ್ನು ಹೆಚ್ಚು ಬರೆಯುವ ಮನಸ್ಸಿಲ್ಲ.

ಇರಲಿ, ಚಂದ್ರುವಿನ ಜಿಮ್ ಬಂತು. ಕರಿಯದನ್ನೇ ಆರಿಸಿದ. ಗೋಡೆಗೆ ಕನ್ನಡಿ, ಕನ್ನಡಿಯ ಮುಂದೆ ಕಬ್ಬಿಣ, ಓಡುವ ಯಂತ್ರದ ಮೇಲೆ ಮೂರನೆಯ ದಿನದಿಂದ ಟವೆಲ್ಲು. ಫೋಟೋ ಹೋಯಿತು, ಒಪ್ಪಿಗೆ ಬಂತು, ಹುಡುಗಿ ತಾಯಿತಂದೆಯ ಜೊತೆ ಮನೆ ನೋಡಲು ಬಂದಳು. ಸುಜಾತ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಮಾಡಿದ್ದಳು. ಕೋಣೆ ತೋರಿಸಿದರು. ಹುಡುಗಿಯ ತಂದೆ ಡಂಬೆಲ್ಲು ಮುಟ್ಟಿ ತಲೆದೂಗಿದ. ದೊಡ್ಡವರು ಪಡಸಾಲೆಯಲ್ಲಿ ಮಾತಿಗೆ ಕೂತಾಗ ಹುಡುಗಿ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಜಾಣೆ, ನಗೆ ಮುಖ.

"ಅಮ್ಮಾ, ಈ ಜಿಮ್ಮೆಲ್ಲ ಇವರು ದಿನಾ ಮಾಡ್ತಾರಾ, ಇಲ್ಲ ನಮ್ಮ ಸಲುವಾಗಿ ತಂದಾರಾ?"

ಈಗ ನನಗೆ ಯಾರೂ ಹಾಲು ಕೊಟ್ಟಿರಲಿಲ್ಲ. ಮುದುಕಿಯನ್ನು ಯಾರು ಕೇಳುತ್ತಾರೆ ಎಂದು ಬಿಟ್ಟಿದ್ದರು.

"ತಂದು ಹನ್ನೆರಡು ದಿನ ಆತು," ಎಂದೆ. "ನಿನಗ ನೀರು ಬೇಕಲ್ಲ? ಅಡಿಗಿಮನ್ಯಾಗ ಫ್ರಿಜ್ ಐತಿ. ಬದ್ನಿಕಾಯಿ ಸರಿಸು, ಬೆಣ್ಣಿ ಡಬ್ಬಿ ಸರಿಸು. ಅದರ ಹಿಂದ ಏನೈತಿ ನೋಡಿ ಬಾ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಡಸಾಲೆಯ ಕಡೆ ತಿರುಗಿ ತೆಲುಗಿನಲ್ಲಿ "ನೀಳ್ಳು ನೇನೇ ತೆಚ್ಚುಕುಂಟಾನು" ಎಂದು, ನೀರು ತಾನೇ ತಂದುಕೊಳ್ಳುವ ನೆಪ ಹೇಳಿ ಒಳಗೆ ಹೋದಳು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿತು. ಮುಚ್ಚಿದ ಸದ್ದು ಬಹಳ ಹೊತ್ತು ಕೇಳಲಿಲ್ಲ. ಹೊರಗೆ ಬಂದವಳು ಲೋಟ ಹಿಡಿದು ನೇರ ಚಂದ್ರುವಿನ ಎದುರಿಗೆ ನಿಂತಳು.

"ಹೊತ್ತಿಗೆ ಎಷ್ಟು ಯೂನಿಟ್ ತಗೋತೀರಿ?"

ಸುಜಾತಳ ಕೈಯ ತಟ್ಟೆಯಿಂದ ಒಂದು ಮಿರ್ಚಿ ಉರುಳಿ ಕೆಳಗೆ ಬಿತ್ತು. ಕಡೆಗೆ ಚಂದ್ರು ಹೇಳಿದ, "ಹದಿನಾಲ್ಕು." ಅವತ್ತು ಅವನು ಮಾಡಿದ ಒಂದೇ ಗಂಡಸು ಕೆಲಸ ಅದು. ಹುಡುಗಿ, ಯೋಚನೆ ಮಾಡಿ ನಾನೇ ಫೋನು ಮಾಡುತ್ತೇನೆ ಎಂದು ಹೇಳಿ ಹೊರಟಳು. ಅವಳು ಏನು ಹೇಳುತ್ತಾಳೋ, ಅದು ಅವಳ ಬದುಕು, ಅವಳ ಮಾತು. ಇದನ್ನು ಬರೆಯುವವರೆಗೆ ಫೋನು ಬಂದಿಲ್ಲ.

ಅವರು ಹೋದ ಮೇಲೆ ಸುಜಾತ ನನಗೆ ಹೇಳಬಾರದ್ದನ್ನೆಲ್ಲ ಹೇಳಿದಳು. ಉಂಡ ಮನೆಯ ಜಂತಿ ಎಣಿಸುವ ಬುದ್ಧಿ, ಎಲ್ಲ ಆಯಿತು. ಚಂದ್ರು ಕೋಣೆಯ ಬಾಗಿಲು ಹಾಕಿಕೊಂಡ. ನಾನು ಅಂಗಳದಲ್ಲಿ ಕೂತು ಉಗ್ಗಾಣಿ ತಿಂದೆ, ಉಪ್ಪು ಕಡಿಮೆಯಾಗಿತ್ತು. ಅತ್ತಿಗೆ ಕೋಲೂರಿಕೊಂಡು ಬಂದು ಎದುರಿಗೆ ಕೂತಳು. ನನ್ನ ಕಡೆಯವಳು ಒಬ್ಬಳಾದರೂ ಇದ್ದಾಳೆ, ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದುಕೊಂಡೆ.

"ಸಿದ್ದಮ್ಮಾ, ಇವತ್ತು ನಿನಗ ಬಾಯಿ ಬಂತಲ್ಲ."

"ಹೂಂ ಅತ್ತಿಗಿ."

"ಅವತ್ತು ನಮ್ಮವ್ವ ಕೇಳಿದಾಗ ಎಲ್ಲಿಟ್ಟಿದ್ದಿ ಅದನ್ನ?"

ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೇವೆ. ಅವಳ ಬಾಣಂತನ ನಾನು ಮಾಡಿದ್ದೇನೆ, ನನ್ನ ಗಂಡ ಸತ್ತಾಗ ಅವಳು ಬಂದು ನನ್ನನ್ನು ಕರೆತಂದಿದ್ದಾಳೆ. ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಅವಳ ತಾಯಿ ಮನೆಗೆ ಹೋದ ಮೇಲೆ ನನ್ನ ಮಾತನ್ನೇ ನಂಬಿ ಒಪ್ಪಿಗೆ ಕೊಟ್ಟಳಂತೆ, ಅದನ್ನೂ ಅತ್ತಿಗೆ ಈಗಲೇ ಹೇಳಿದಳು. ನಾನು ಇದ್ದದ್ದನ್ನೇ ಹೇಳಿದೆ.

"ನಮ್ಮವ್ವ ಬಾದಾಮಿ ಹಾಲು ಕೊಟ್ಟಿದ್ಲು ಅತ್ತಿಗಿ."

"ಎಷ್ಟು?"

"ಒಂದು ಲೋಟ."

"ತುಂಬ ಇತ್ತಾ?"

"ತುಂಬ ಇತ್ತು."

ಅವಳು ತಲೆಯಾಡಿಸಿದಳು. ಕೋಲು ಹಿಡಿದು ಎದ್ದು ಒಳಗೆ ಹೋದಳು. ಅವತ್ತಿನಿಂದ ಈ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ. ಸುಜಾತ, ಚಂದ್ರು ಮಾತು ಬಿಟ್ಟಿರುವುದು ನಾನು ನಿಜ ಹೇಳಿದ್ದಕ್ಕೆ, ಅದನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ. ಅತ್ತಿಗೆ ಬಿಟ್ಟಿರುವುದು ಅಂದು ನಾನು ಹೇಳದೆ ಇದ್ದದ್ದಕ್ಕೆ. ಅವಳು ಹೊತ್ತಿಗೆ ಸರಿಯಾಗಿ ನನ್ನ ಮುಂದೆ ತಟ್ಟೆ ತಂದು ಇಡುತ್ತಾಳೆ, ಮುಖ ನೋಡುವುದಿಲ್ಲ. ನಾನೂ ಮಾತಾಡಿಸಲು ಹೋಗಿಲ್ಲ. ಅವಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ತೆಗೆದುಕೊಳ್ಳಲಿ.